ಉಲ್ಕೆ ಬೀಳಲಿಲ್ಲ

ಪ್ರಕಾಶಕರು ಎರಡು ಪುಟ ಕೇಳಿದ್ದಾರೆ. ನನ್ನ ನಾಲ್ಕು ಕಾದಂಬರಿಗಳನ್ನು ಒಟ್ಟು ಸೇರಿಸಿ ಒಂದು ದಪ್ಪ ಸಂಪುಟ ಮಾಡುತ್ತಾರಂತೆ. ಮುಖಪುಟದಲ್ಲಿ ಕನ್ನಡದ ಕ್ಲಾಸಿಕ್ ವೈಜ್ಞಾನಿಕ ಕಾದಂಬರಿ ಮಾಲೆ ಎಂದು ಹಾಕುತ್ತಾರಂತೆ. ಒಳಗೆ, ಈ ಮಾಲೆ ಹುಟ್ಟಿದ್ದು ಹೇಗೆ ಎಂದು ನಾನು ಬರೆದುಕೊಡಬೇಕು. ಪ್ರಕಾಶಕರಿಗೆ ನನ್ನ ಮಗಳ ವಯಸ್ಸು, ಮಾತಿನಲ್ಲಿ ಬಹಳ ಮರ್ಯಾದೆ. ಮರುಭೂಮಿ, ನಕ್ಷತ್ರ ತುಂಬಿದ ಆಕಾಶ, ಒಂಟಿತನ, ಊರಿನ ನೆನಪು, ಇವೆಲ್ಲ ಸ್ವಲ್ಪ ಸ್ವಲ್ಪ ಬರಲಿ ಮೇಡಂ ಎಂದರು.

ಬರುವುದಿಲ್ಲ. ಮಸ್ಕತ್ತಿಗೆ ಬಂದು ಮೂವತ್ತೆರಡು ವರ್ಷವಾಯಿತು, ಕತ್ತೆತ್ತಿ ನಕ್ಷತ್ರ ನೋಡಿದ್ದು ನೆನಪಿಲ್ಲ. ಒಂಟಿಯಾಗಿರಲು ನನಗೆ ಯಾರೂ ಪುರುಸೊತ್ತು ಕೊಡಲಿಲ್ಲ. ಮರುಭೂಮಿ ನೋಡಿದ್ದು ಪಿಕ್‌ನಿಕ್‌ಗೆ ಹೋದಾಗ, ಅದೂ ಬಿರಿಯಾನಿ ಪಾತ್ರೆಯೊಳಗೆ ಮರಳು ಬೀಳದಂತೆ ಮುಚ್ಚಳ ಹಿಡಿದುಕೊಂಡು. ನನ್ನ ಮಾಲೆ ಹುಟ್ಟಿದ್ದು ಒಂದು ವಾರದ ಲೆಕ್ಕ ತಪ್ಪಿದ್ದರಿಂದ. ಬೆಳೆದದ್ದು ಒಂದು ಜಗಳದಿಂದ. ಕೇಳಿದ್ದಾರೆ ಎಂದಮೇಲೆ ಅದನ್ನೇ ಬರೆಯುತ್ತೇನೆ, ಎರಡು ಪುಟದಲ್ಲಿ ಮುಗಿಯದಿದ್ದರೆ ಅವರ ಹಣೆಬರಹ.

ನಾನು ಉಡುಪಿ ಕಡೆಯ ಕ್ರೈಸ್ತರ ಮನೆಯವಳು. ಮನೆಮಾತು ಕೊಂಕಣಿ, ಶಾಲೆಯದ್ದು ಕನ್ನಡ, ಹೊಟ್ಟೆಪಾಡಿನದ್ದು ಇಂಗ್ಲಿಷ್. ಮಸ್ಕತ್ತಿನ ಬೌಷರ್‌ನ ಒಂದು ಕಟ್ಟಡ ವಿನ್ಯಾಸದ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆಗಳನ್ನು ಕಾಯುವವಳು. ಎಂಜಿನಿಯರು ಒಂದು ಗೋಡೆಯನ್ನು ಆಚೆ ಸರಿಸಿದರೆ ನಕ್ಷೆಯಲ್ಲಿ ಆ ಜಾಗದ ಸುತ್ತ ಮೋಡದಂಥ ಒಂದು ಗೆರೆ ಎಳೆಯಬೇಕು, ಪಕ್ಕದಲ್ಲಿ ಎಷ್ಟನೆಯ ತಿದ್ದುಪಡಿ ಎಂದು ನಂಬರು ಹಾಕಬೇಕು, ಯಾರು ತಿದ್ದಿದ್ದು ಎಂದು ಸಹಿ ಹಾಕಬೇಕು. ಹಳೆಯ ನಕ್ಷೆಗೆ ರದ್ದಾಯಿತೆಂದು ನಾನು ಕೆಂಪು ಸೀಲು ಹೊಡೆಯುತ್ತೇನೆ. ಮೋಡ ಎಳೆಯದೆ ಗೆರೆ ತಿದ್ದಿದವನು ನಮ್ಮಲ್ಲಿ ಕಳ್ಳನಿಗಿಂತ ಕಡೆ. ಏಕೆಂದರೆ ಅವನನ್ನು ನಂಬಿ ಇನ್ನೊಬ್ಬ ಸಿಮೆಂಟು ಸುರಿದಿರುತ್ತಾನೆ.

ಆಗ ಆಫೀಸು ಎರಡು ಹೊತ್ತು. ಬೆಳಗ್ಗೆ ಎಂಟರಿಂದ ಒಂದು, ಆಮೇಲೆ ನಾಲ್ಕರಿಂದ ಏಳು. ನಡುವಿನ ಮೂರು ಗಂಟೆ ಎಲ್ಲರೂ ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ನಮ್ಮ ಮನೆ ದೂರ, ಕಾರು ಗಂಡನ ಕೈಯಲ್ಲಿ. ಹಾಗಾಗಿ ನಾನು ಖಾಲಿ ಆಫೀಸಿನಲ್ಲಿ ಬುತ್ತಿ ಬಿಚ್ಚಿ ಉಂಡು, ರದ್ದಾದ ನಕ್ಷೆಗಳ ಬೆನ್ನಿಗೆ ಏನಾದರೂ ಗೀಚುತ್ತಿದ್ದೆ. ಕಾಗದ ದೊಡ್ಡದು, ಬಿಳಿ, ಯಾರಿಗೂ ಬೇಡದ್ದು. ಮಾಲೆಯ ನಾಲ್ಕೂ ಪುಸ್ತಕದ ಹಸ್ತಪ್ರತಿಯ ಹಿಂದುಗಡೆ ಯಾರದ್ದೋ ಕಕ್ಕಸಿನ ಪೈಪು, ಯಾರದ್ದೋ ಅಡುಗೆಮನೆಯ ಕಿಟಕಿ ಇದೆ.

ಇನ್ನು ವಾರದ ಲೆಕ್ಕ. ಇಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ. ಆದ್ದರಿಂದ ನಾವು ಕ್ರೈಸ್ತರು ಭಾನುವಾರದ ಪೂಜೆಗೆ ಶುಕ್ರವಾರ ಹೋಗುತ್ತೇವೆ. ಇಗರ್ಜಿಯ, ಅಂದರೆ ಚರ್ಚಿನ, ಆವರಣದಲ್ಲಿ ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಒಂದರ ಹಿಂದೊಂದು ಭಾಷೆಯಲ್ಲಿ ಪೂಜೆ. ಇಂಗ್ಲಿಷಿನವರು ಹೊರಬರುವಷ್ಟರಲ್ಲಿ ಮಲಯಾಳದವರು ಒಳಗೆ, ಅವರ ಬೆನ್ನಿಗೇ ಕೊಂಕಣಿಯವರು. ಮಕ್ಕಳ ಧರ್ಮಪಾಠ ಶುಕ್ರವಾರ, ಹಂದಿಮಾಂಸವಿಲ್ಲದ ಭಾನುವಾರದ ಊಟವೂ ಶುಕ್ರವಾರ. ಮೊದಲ ವರ್ಷ ವಿಚಿತ್ರವೆನಿಸುತ್ತದೆ. ಮೂರನೆಯ ವರ್ಷಕ್ಕೆ, ಲೋಕದಲ್ಲಿ ಬೇರೆ ರೀತಿಯೂ ಇದೆ ಎನ್ನುವುದೇ ಮರೆತುಹೋಗುತ್ತದೆ.

ಆ ಮರೆವು ನನ್ನನ್ನು ಸರಿಯಾಗಿ ಹಿಡಿಯಿತು. ಮಗಳಿಗೆ ಎಂಟು ವರ್ಷ, ಅವಳ ಮೊದಲ ಪರಮಪ್ರಸಾದದ ದಿನ ಗೊತ್ತಾಗಿತ್ತು. ನಮ್ಮಲ್ಲಿ ಅದು ಸಣ್ಣ ಮದುವೆಯಷ್ಟು ದೊಡ್ಡದು. ಮಗು ಬಿಳಿ ಅಂಗಿ ತೊಟ್ಟು, ಮೋಂಬತ್ತಿ ಹಿಡಿದು, ಮೊದಲ ಸಲ ಪ್ರಸಾದವನ್ನು ನಾಲಗೆಯ ಮೇಲೆ ತೆಗೆದುಕೊಳ್ಳುತ್ತದೆ. ಅಂಗಿ ಹೊಲಿಯುವುದು ನಾನೇ ಎಂದು ಊರಿನಿಂದ ಅಮ್ಮ ಹಟ ಹಿಡಿದಳು. ಮಗಳ ಅಳತೆಯನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆ. ನಾಲ್ಕು ತಿಂಗಳು ಕೂತು ಅಮ್ಮ ಕೊಕ್ಕೆಕಡ್ಡಿಯಲ್ಲಿ ಲೇಸು ಹೆಣೆದಳು. ಅಂಗಿಯನ್ನು ತಾನೇ ತರುತ್ತೇನೆ, ತನ್ನ ಕೈಯಾರೆ ತೊಡಿಸುತ್ತೇನೆ ಎಂದಳು. ಅದು ಅವಳ ಮೊದಲ ವಿಮಾನ ಪ್ರಯಾಣ.

ವೀಸಾ ತಡವಾಗಿ ಬಂತು. ಬುಧವಾರ ಅಣ್ಣ ಫೋನ್ ಮಾಡಿ ಟಿಕೆಟ್ ಆಯಿತು ಎಂದ. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಒಂದೇ ಸೀಟು ಇತ್ತಂತೆ. ಮುಂಬೈ ಮೇಲೆ ಬಂದು ಅಮ್ಮ ಶನಿವಾರ ಬೆಳಗ್ಗೆ ಇಳಿಯುತ್ತಾಳೆ, ಒಂದು ದಿನ ವಿಶ್ರಾಂತಿ, ಭಾನುವಾರ ಬೆಳಗ್ಗೆ ಇಗರ್ಜಿಗೆ ರೆಡಿ ಎಂದು ಹೆಮ್ಮೆಯಿಂದ ಹೇಳಿದ. ಪರಮಪ್ರಸಾದ ಇದ್ದದ್ದು ಶುಕ್ರವಾರ. ಮೇ ಎರಡನೆಯ ವಾರದ ಕೊನೆಗೆ ಎಂದಷ್ಟೇ ಊರಿಗೆ ತಿಳಿಸಿದ್ದೆ. ಯಾವ ದಿನ ಎಂದು ಅವರು ಕೇಳಿರಲಿಲ್ಲ, ಏಕೆಂದರೆ ಭಾನುವಾರವಲ್ಲದೆ ಇನ್ಯಾವಾಗ? ಯಾವ ದಿನ ಎಂದು ನಾನು ಹೇಳಿರಲಿಲ್ಲ, ಏಕೆಂದರೆ ಶುಕ್ರವಾರವಲ್ಲದೆ ಇನ್ಯಾವಾಗ?

ಅಣ್ಣನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆಯ್ತು ಎಂದು ಫೋನ್ ಇಟ್ಟೆ. ಗುರುವಾರ ಅಮ್ಮನಿಗೇ ಫೋನ್ ಮಾಡಿ ಹೇಳಬಹುದಿತ್ತು, ಅದನ್ನೂ ಮಾಡಲಿಲ್ಲ. ಹೇಳಿದರೆ ಅವಳು ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕೂತುಬಿಡುತ್ತಾಳೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚು ಹೆದರಿದ್ದು ಅವಳ ದನಿ ಕೇಳಲು. ಫಾದರ್ ಹತ್ತಿರ ಹೋಗಿ ಎರಡು ದಿನ ಮುಂದೆ ಹಾಕಲಾಗುತ್ತದಾ ಎಂದು ಕೇಳಿದೆ. ನಲವತ್ತು ಮಕ್ಕಳಿದ್ದಾರೆ ಎಂದು ಅವರು ಮೆತ್ತಗೆ ಹೇಳಿದರು. ಗುರುವಾರ ಸಂಜೆ ಮತ್ರಾದ ಹಳೆಯ ಪೇಟೆ ಸೂಕ್‌ನ ಓಣಿಗಳಲ್ಲಿ ಬಿಳಿ ಅಂಗಿ ಹುಡುಕಿ ಅಲೆದೆವು. ಸಿಕ್ಕಿದ್ದೆಲ್ಲ ಮಿರಮಿರ ಮಿಂಚುವಂಥದ್ದು. ಕೊನೆಗೆ ಪಕ್ಕದ ಮನೆಯ ಹುಡುಗಿ ಹಿಂದಿನ ವರ್ಷ ತೊಟ್ಟಿದ್ದ ಅಂಗಿಯನ್ನು ಸೊಂಟದಲ್ಲಿ ಪಿನ್ನು ಹಾಕಿ ತೊಡಿಸಿದೆ. ಗಂಡ, ಖಲಾಸ್, ಆಯ್ತಲ್ಲ, ಇನ್ನು ಅಳಬೇಡ ಎಂದರು. ನಾನು ಅಳುತ್ತಿರಲಿಲ್ಲ, ಶನಿವಾರ ಅಮ್ಮನಿಗೆ ಹೇಳುವ ಮಾತನ್ನು ಹೊಂದಿಸುತ್ತಿದ್ದೆ.

ಹೊಂದಿಸಿದ ಮಾತು ಬೇಕಾಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಅಮ್ಮ ತಳ್ಳುಗಾಡಿ ತಳ್ಳಿಕೊಂಡು ಹೊರಗೆ ಬಂದಳು, ಅಂಗಿಯ ಚೀಲ ಮಾತ್ರ ಗಾಡಿಯಲ್ಲಿರಲಿಲ್ಲ, ಎದೆಗವಚಿಕೊಂಡಿದ್ದಳು. ಮಗಳು ಓಡಿಹೋಗಿ, ಅಜ್ಜಿ, ನನ್ನದು ನಿನ್ನೆ ಆಯ್ತು ಎಂದಳು. ಅಮ್ಮ ಒಂದು ಕ್ಷಣ ಮಗುವಿನ ಮುಖ ನೋಡಿದಳು, ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ದಾರಿಯುದ್ದಕ್ಕೂ, ಈ ಬೆಟ್ಟಗಳ ಮೇಲೆ ಒಂದು ಹುಲ್ಲುಕಡ್ಡಿ ಕೂಡ ಇಲ್ಲವಲ್ಲ ಎಂದು ಎರಡು ಸಲ ಹೇಳಿದಳು, ಅಷ್ಟೇ. ಯಾಕೆ ಹೇಳಲಿಲ್ಲ ಎಂದು ಅವಳು ಆ ದಿನವೂ ಕೇಳಲಿಲ್ಲ, ಆಮೇಲೆಯೂ ಕೇಳಲಿಲ್ಲ.

ಭಾನುವಾರ ಅವಳದ್ದು ಹೊಸ ಹಟ. ಸಂಜೆ ಇಗರ್ಜಿಯಲ್ಲಿ ಒಂದು ಸಣ್ಣ ಪೂಜೆ ಇರುತ್ತದೆಂದು ಪಕ್ಕದ ಮನೆಯವರಿಂದ ಕೇಳಿ ತಿಳಿದುಕೊಂಡಿದ್ದಳು. ಶಾಲೆ ಮುಗಿಸಿ ಬಂದ ಮಗುವಿಗೆ ಸ್ನಾನ ಮಾಡಿಸಿ, ತಾನು ತಂದ ಅಂಗಿ ತೊಡಿಸಿ, ತಲೆಗೆ ಬಲೆಬಟ್ಟೆ ಹಾಕಿ, ಕೈಗೆ ಮೋಂಬತ್ತಿ ಕೊಟ್ಟು ಹೊರಡಿಸಿದಳು. ಮರುದಿನ ಮಗಳಿಗೆ ಲೆಕ್ಕದ ಪರೀಕ್ಷೆ. ಬೆಳಗ್ಗೆ ಆಫೀಸಿಗೆ ಹೊರಡುವಾಗಲೇ ನಾನು, ಬೇಡ ಮಾಂಯ್, ಜನ ನಗುತ್ತಾರೆ, ಒಮ್ಮೆ ಆದದ್ದನ್ನು ಮತ್ತೆ ಮಾಡುವವರುಂಟಾ ಎಂದೆ. ಅದಕ್ಕೆ ಅವಳು, "ದೇವರಿಗೆ ಕ್ಯಾಲೆಂಡರ್ ಬೇಡ ಬಾಯೇ. ನನಗೆ ಬೇಕು" ಎಂದಳು. ನಾಲ್ಕರಿಂದ ಏಳು ನನಗೆ ಆಫೀಸು, ಹೋಗಲಾಗಲಿಲ್ಲ. ಕೆಲಸದ ಬಟ್ಟೆಯಲ್ಲಿ ಬಂದಿದ್ದ ಹತ್ತು ಜನರ ನಡುವೆ ಮಗು ಮದುಮಗಳ ಹಾಗೆ ನಿಂತಿತ್ತಂತೆ. ಬರುವಾಗ ಅಮ್ಮ ಸ್ಟುಡಿಯೋಗೆ ನುಗ್ಗಿ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನನ್ನು ಚುಚ್ಚಲೆಂದೇ ಮಾಡಿದಳು ಎಂದುಕೊಂಡೆ.

ಆ ಸಿಟ್ಟಿನಲ್ಲೇ ಮರುದಿನ ಮಧ್ಯಾಹ್ನ ಒಂದು ನಕ್ಷೆ ತಿರುಗಿಸಿ ಬರೆಯತೊಡಗಿದೆ. ದೊಡ್ಡ ಗ್ರಹವೊಂದರ ಸುತ್ತ ತಿರುಗುವ ಒಂದು ಬೋಳು ಚಂದ್ರ. ಅಲ್ಲಿ ಗಾಜಿನ ಗುಮ್ಮಟದೊಳಗೆ ಗುತ್ತಿಗೆಯ ಮೇಲೆ ದುಡಿಯುವ ಜನ. ಅಲ್ಲಿ ಹುಟ್ಟಿದ ಮಕ್ಕಳು ಮೊದಲ ಸಲ ಗುಮ್ಮಟದ ಹೊರಗೆ ಹೆಜ್ಜೆ ಇಡುವ ದಿನ ದೊಡ್ಡ ಹಬ್ಬ. ಭೂಮಿಯ ಕ್ರಮದಂತೆ ಹಬ್ಬ ಭಾನುವಾರ ಆಗಬೇಕು, ಆದರೆ ಕಂಪನಿ ರಜೆ ಕೊಡುವುದು ಶುಕ್ರವಾರ, ಹಾಗಾಗಿ ಹಬ್ಬ ಶುಕ್ರವಾರಕ್ಕೆ ಸರಿದಿದೆ. ಮೊಮ್ಮಗಳ ಹಬ್ಬಕ್ಕೆಂದು ಒಬ್ಬ ಮುದುಕಿ ಕೈಯಲ್ಲಿ ಹೊಲಿದ ಅಂಗಿ ಹಿಡಿದು ಹತ್ತು ತಿಂಗಳು ಹಡಗಿನಲ್ಲಿ ಬರುತ್ತಾಳೆ, ಶನಿವಾರ ಇಳಿಯುತ್ತಾಳೆ. ಹಡಗು ಇನ್ನೂ ದಾರಿಯಲ್ಲಿರುವಾಗಲೇ ಅದು ಇಳಿಯುವ ದಿನದ ಸಂದೇಶ ಗುಮ್ಮಟದಲ್ಲಿರುವ ಮಗಳಿಗೆ ಬರುತ್ತದೆ. ಅವಳು ಓದುತ್ತಾಳೆ, ಉತ್ತರ ಕಳಿಸುವುದಿಲ್ಲ. ಅದೇ ಕಾದಂಬರಿಯ ನಡುಬೆನ್ನು.

ಚಂದ್ರನ ಮೇಲೆ ಯಾಕೆ, ಮಸ್ಕತ್ತನ್ನೇ ಬರೆಯಬಹುದಿತ್ತಲ್ಲ ಎಂದು ಎಷ್ಟೋ ಜನ ಕೇಳಿದ್ದಾರೆ. ಬರೆದಿದ್ದರೆ ಗಲ್ಫ್ ಕಥೆ ಎನ್ನುತ್ತಿದ್ದರು. ಊರಿನವರು ಅದರಲ್ಲಿ ಚಿನ್ನ ಹುಡುಕುತ್ತಿದ್ದರು, ಇಗರ್ಜಿಯವರು ಯಾರ ಮನೆಯ ಸುದ್ದಿ ಎಂದು ಹುಡುಕುತ್ತಿದ್ದರು, ವಿಮರ್ಶಕರು ಅನಿವಾಸಿಯ ಹಂಬಲ ಎಂದು ಒಂದು ಸಾಲು ಬರೆದು ಬದಿಗೆ ಹಾಕುತ್ತಿದ್ದರು. ಚಂದ್ರನ ಮೇಲಾದರೆ ಯಾರಿಗೂ ತಮ್ಮದೇ ಆದ ಅಭಿಪ್ರಾಯ ಮೊದಲೇ ಇರುವುದಿಲ್ಲ. ಅಲ್ಲದೆ ನನಗೇನು ಕಲ್ಪಿಸುವ ಕಷ್ಟವೂ ಇರಲಿಲ್ಲ. ಆಫೀಸಿನ ಕಿಟಕಿಯಾಚೆ ಬೌಷರ್‌ನ ಬೋಳು ಬೆಟ್ಟ, ಕುಡಿಯುವ ನೀರು ಯಂತ್ರದಲ್ಲಿ ಉಪ್ಪು ತೆಗೆದದ್ದು, ಇರಲಿಕ್ಕೆ ಒಬ್ಬರ ಜಾಮೀನು, ಹೋಗಲಿಕ್ಕೆ ಒಬ್ಬರ ಅಪ್ಪಣೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ, ಆಕಾಶದ ಬಣ್ಣ ಒಂದನ್ನು ಬದಲಿಸಿದೆ.

ಬರೆದು ಮುಗಿಯಲು ಎರಡು ವರ್ಷ ಹಿಡಿಯಿತು. ಪ್ರತಿಯನ್ನು ಊರಿಗೆ ಹೊರಟ ಒಬ್ಬರ ಚೀಲದಲ್ಲಿ ಖರ್ಜೂರ ಮತ್ತು ಹಾಲಿನ ಪುಡಿಯ ಡಬ್ಬಿಗಳ ನಡುವೆ ಇಟ್ಟು ಒಂದು ವಾರಪತ್ರಿಕೆಗೆ ಕಳಿಸಿದೆ. ಸಂಪಾದಕರು ಒಪ್ಪಿದರು. ಧಾರಾವಾಹಿ ಶುರುವಾಗಿ ಒಂದೂವರೆ ತಿಂಗಳಾದ ಮೇಲೆ, ಊರಿನಿಂದ ಬಂದ ಇನ್ನೊಬ್ಬರ ಚೀಲದಲ್ಲಿ ಆರು ಸಂಚಿಕೆಗಳು ನನಗೆ ತಲುಪಿದವು. ಮಧ್ಯಾಹ್ನದ ಬುತ್ತಿ ಪಕ್ಕಕ್ಕೆ ಸರಿಸಿ ಓದಿದೆ. ಮೊದಲನೆಯದರಲ್ಲೇ ಹಬ್ಬ ಭಾನುವಾರಕ್ಕೆ ಹೋಗಿತ್ತು. ಮುದುಕಿಯ ಹಡಗು ಶನಿವಾರದ ಬದಲು ಸೋಮವಾರ ಇಳಿಯುತ್ತಿತ್ತು. ಯಾಕೆ ತಡವಾಯಿತೆಂದರೆ, ಐದನೆಯ ಕಂತಿನಲ್ಲಿ ಹಡಗಿಗೆ ಒಂದು ಉಲ್ಕೆ ಬಡಿದಿತ್ತು.

ನಾನು ಬರೆಯದ ಉಲ್ಕೆ. ಎರಡು ಪುಟದ ಉಲ್ಕೆ. ಬೆಂಕಿ ಕಾರುತ್ತಾ, ಗುಡುಗುತ್ತಾ ಬಂದಿತ್ತು. ಗಾಳಿಯೇ ಇಲ್ಲದ ಕಡೆ ಅದು ಹೇಗೆ ಗುಡುಗಿತೋ ಸಂಪಾದಕರಿಗೇ ಗೊತ್ತು. ಸಂದೇಶ ಓದಿ ಉತ್ತರಿಸದ ಮಗಳು ಎಲ್ಲೂ ಇರಲಿಲ್ಲ, ಅವಳ ಜಾಗದಲ್ಲಿ ಕಣ್ಣೀರು ಸುರಿಸುತ್ತಾ ಕಾಯುವ ಒಬ್ಬ ಮಗಳಿದ್ದಳು. ಸುತ್ತ ಮೋಡವಿಲ್ಲ, ನಂಬರಿಲ್ಲ, ಸಹಿಯಿಲ್ಲ. ಮೇಲೆ ಮಾತ್ರ ನನ್ನ ಹೆಸರು.

ಸಂಪಾದಕರಿಗೆ ಆಫೀಸಿನ ಫೋನಿನಿಂದಲೇ ಕರೆ ಮಾಡಿದೆ. ಅವರು ಹಿರಿಯರು, ಸಮಾಧಾನಿ. ಶುಕ್ರವಾರ ಎಂದು ಇದ್ದದ್ದು ಕೈತಪ್ಪೆಂದು ತಿಳಿದು ಸರಿಮಾಡಿದೆವು ಎಂದರು. ಕೈತಪ್ಪಲ್ಲ ಎಂದು ನಾನು ವಿವರಿಸಿದರೆ, ಓದುಗರಿಗೆ ಗೊಂದಲವಾಗುತ್ತದೆ ಎಂದರು. ಗಾಳಿಯಿಲ್ಲದ ಚಂದ್ರನ ಮೇಲೆ ಜನ ಬಸಳೆ ಚಪ್ಪರ ಹಾಕಿದ್ದನ್ನು ತುಟಿಪಿಟಕ್ಕೆನ್ನದೆ ಒಪ್ಪಿದ ಮನುಷ್ಯನಿಗೆ ಒಂದು ಶುಕ್ರವಾರ ಗಂಟಲಿನಲ್ಲಿ ಇಳಿಯಲಿಲ್ಲ. ಉಲ್ಕೆ ಯಾಕೆ ಎಂದು ಕೇಳಿದೆ. "ಮೇಡಂ, ಮಗಳು ಗೊತ್ತಿದ್ದೂ ಹೇಳಲಿಲ್ಲ ಅಂದರೆ ನಮ್ಮ ಓದುಗರು ಒಪ್ಪುವುದಿಲ್ಲ. ಉಲ್ಕೆ ಅಂದರೆ ಒಪ್ಪುತ್ತಾರೆ" ಎಂದರು. ಒಪ್ಪಿದ್ದರು ಕೂಡ. ಆ ಕಂತಿಗೆ ಬಂದಷ್ಟು ಪತ್ರ ಯಾವ ಕಂತಿಗೂ ಬಂದಿರಲಿಲ್ಲವಂತೆ.

ಅದೇ ವಾರ ಒಂದು ಕಾಗದ ಬರೆದೆ. ಇಂತಿಂಥ ಪುಟ, ಇಂತಿಂಥ ಸಾಲು, ನನ್ನ ಒಪ್ಪಿಗೆ ಇಲ್ಲದೆ ತಿದ್ದಿದ್ದು, ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕಬೇಕು, ಇಲ್ಲದಿದ್ದರೆ ಧಾರಾವಾಹಿ ನಿಲ್ಲಿಸಬೇಕು ಎಂದು ಕಂಪನಿಯ ಗುತ್ತಿಗೆದಾರರಿಗೆ ಬರೆಯುವ ಧಾಟಿಯಲ್ಲೇ ಬರೆದೆ. ಲಕೋಟೆಗೆ ಅಂಟು ಹಚ್ಚಿಯೂ ಆಗಿತ್ತು.

ಶುಕ್ರವಾರ ಪೂಜೆ ಮುಗಿಸಿ ಬಂದು ಊರಿಗೆ ಫೋನ್ ಮಾಡುವುದು ನಮ್ಮ ಕ್ರಮ. ಅಮ್ಮ ಧಾರಾವಾಹಿ ಓದುತ್ತಿದ್ದಳು. ಅವಳ ದನಿಯಲ್ಲಿ ಒಂದು ನಿರಾಳ ಇತ್ತು. "ನಿನ್ನ ಕಥೆ ಶುರುವಾದಾಗ ನನಗೆ ಹೆದರಿಕೆ ಆಗಿತ್ತು ಮಾರಾಯ್ತಿ. ಅಂಗಿ, ಮುದುಕಿ, ಎಲ್ಲ ಉಂಟಲ್ಲ, ಊರಲ್ಲಿ ಯಾರಿಗಾದ್ರೂ ಗೊತ್ತಾಗ್ತದಾ ಅಂತ. ಉಲ್ಕೆ ಬಿತ್ತಲ್ಲ, ಒಳ್ಳೆದಾಯ್ತು. ನಾನು ಇಲ್ಲಿ ಯಾರಿಗೂ ಹೇಳ್ಲಿಲ್ಲ. ನಿನ್ನ ಅಣ್ಣನಿಗೂ ಹೇಳ್ಲಿಲ್ಲ. ಭಾನುವಾರ ಕುಮ್ಗಾರ್ ಆಯ್ತು, ನಾನೇ ಅಂಗಿ ತೊಡಿಸಿದೆ ಅಂತ ಫೋಟೋ ತೋರಿಸಿದೆ. ಅದು ಸುಳ್ಳೇನೂ ಅಲ್ಲ."

ಕುಮ್ಗಾರ್ ಎಂದರೆ ಕೊಂಕಣಿಯಲ್ಲಿ ಪರಮಪ್ರಸಾದ. ಆ ಭಾನುವಾರದ ಸಂಜೆ ಅವಳು ಹಟ ಮಾಡಿದ್ದು ನನ್ನನ್ನು ಚುಚ್ಚಲಿಕ್ಕಲ್ಲ. ತಾಯಿ ವಿಮಾನ ಹತ್ತಿದ್ದಾಳೆಂದು ಗೊತ್ತಿದ್ದೂ ಮಗಳು ಬಾಯಿ ಬಿಡಲಿಲ್ಲ ಎಂದು ನಾಳೆ ಊರಿನಲ್ಲಿ ಯಾರೂ ಆಡಬಾರದೆಂದು, ಮುಂಚಿತವಾಗಿ ಒಂದು ಭಾನುವಾರವನ್ನು ತಯಾರು ಮಾಡಿಟ್ಟಿದ್ದಳು. ಸಂಪಾದಕರಿಗಿಂತ ಎರಡು ವರ್ಷ ಮೊದಲೇ ಅಮ್ಮ ತನ್ನ ಉಲ್ಕೆಯನ್ನು ಬೀಳಿಸಿದ್ದಳು. ಉಲ್ಕೆ ನನ್ನದಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಲಕೋಟೆಯನ್ನು ಹರಿದೆ.

ಆದರೆ ನನಗೆ ಸೋತು ಸುಮ್ಮನಿರುವ ಜಾಯಮಾನವಿಲ್ಲ. ಒಂದೇ ಪುಸ್ತಕಕ್ಕೆ ಮುಗಿಯಬೇಕಿದ್ದದ್ದು ಮಾಲೆಯಾದದ್ದು ಇಲ್ಲಿಂದ. ಎರಡನೆಯ ಕಾದಂಬರಿಯಲ್ಲಿ ಗುಮ್ಮಟದ ದಾಖಲೆ ಕಾಯುವ ಒಬ್ಬ ಹೆಂಗಸನ್ನು ತಂದೆ. ಅವಳು ಹಡಗಿನ ರಿಪೇರಿ ಕಡತ ತೆಗೆದು ನೋಡುತ್ತಾಳೆ, ಉಲ್ಕೆ ಬಡಿದ ಜಾಗಕ್ಕೆ ತೇಪೆ ಹಾಕಿದ ದಾಖಲೆಯೇ ಇಲ್ಲ. ಹಡಗಿನ ಮೈಯನ್ನು ಅಂಗುಲ ಅಂಗುಲವಾಗಿ ಹುಡುಕುತ್ತಾಳೆ, ಒಂದು ಗೀರು ಕೂಡ ಸಿಗುವುದಿಲ್ಲ. ಸಂಪಾದಕರು ಅದನ್ನು ಖುಷಿಯಿಂದ ಹಾಕಿದರು. ಎಂಥ ನಿಗೂಢ ಮೇಡಂ ಎಂದರು. ಅವರದೇ ಉಲ್ಕೆಯ ಬುಡಕ್ಕೆ ನಾನು ಕೊಡಲಿ ಹಾಕುತ್ತಿದ್ದೇನೆಂದು ಅವರಿಗೆ ಹೊಳೆಯಲಿಲ್ಲ. ಮೂರನೆಯದನ್ನು ಬರೆಯುವಾಗ ಈ ದೇಶದಲ್ಲಿ ವಾರದ ರಜೆ ಗುರುವಾರ ಶುಕ್ರವಾರ ಇದ್ದದ್ದು ಶುಕ್ರವಾರ ಶನಿವಾರಕ್ಕೆ ಬಂತು. ಬಂದದ್ದೇ ತಡ, ಅದನ್ನೂ ಗುಮ್ಮಟದೊಳಗೆ ಸೇರಿಸಿದೆ, ರಜೆ ಬದಲಾದ ಗೊಂದಲದಲ್ಲಿ ಹಳೆಯ ಕಡತಗಳೆಲ್ಲ ಹೊರಬೀಳುತ್ತವೆ. ನಾಲ್ಕನೆಯದರಲ್ಲಿ ಮೊಮ್ಮಗಳು ದೊಡ್ಡವಳಾಗಿ ಉಲ್ಕೆಯನ್ನು ಹುಡುಕಿಕೊಂಡು ತಾನೇ ಹೊರಡುತ್ತಾಳೆ.

ಆ ಉಲ್ಕೆ ಸತ್ಯದ ಸಂಕೇತ, ಶೂನ್ಯದ ಸಂಕೇತ ಎಂದು ವಿಮರ್ಶಕರು ಬರೆದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಏನು ಹೇಳುವುದು? ಅಮ್ಮ ನಾಲ್ಕನ್ನೂ ಓದಿದಳು. ಉಲ್ಕೆಯನ್ನು ಯಾಕೆ ಇಷ್ಟು ಕೆದಕುತ್ತೀ, ಬಿಟ್ಟುಬಿಡು ಎಂದು ಒಮ್ಮೆ ಹೇಳಿದಳು. ಅವಳಿರುವವರೆಗೆ ಅಷ್ಟಕ್ಕೇ ಬಿಟ್ಟಿದ್ದೆ.

ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಸಂಪಾದಕರೂ ಇಲ್ಲ, ಪತ್ರಿಕೆಯೂ ಮುಚ್ಚಿದೆ. ಈಗ ಸಂಪುಟ ಎಂದ ಕೂಡಲೇ ನಾನು ಹಳೆಯ ಹಸ್ತಪ್ರತಿಯನ್ನು ಹೊರಗೆ ತೆಗೆದೆ. ಮೊದಲ ಪುಸ್ತಕದಲ್ಲಿ ಶುಕ್ರವಾರ ಶುಕ್ರವಾರವೇ ಆಗಬೇಕು, ಮಗಳು ಸಂದೇಶ ಓದಿ ಸುಮ್ಮನಿರಬೇಕು, ಉಲ್ಕೆ ಹೋಗಬೇಕು, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದು ಪ್ರಕಾಶಕರಿಗೆ ತಿಳಿಸಿದೆ. ಅವರು ಗಾಬರಿಯಾದರು. ಉಲ್ಕೆಯ ಅಧ್ಯಾಯವನ್ನು ಬಾಯಿಪಾಠ ಮಾಡಿದವರಿದ್ದಾರೆ ಮೇಡಂ, ಅಲ್ಲದೆ ಉಲ್ಕೆಯೇ ಇಲ್ಲವೆಂದರೆ ಮುಂದಿನ ಮೂರು ಪುಸ್ತಕದಲ್ಲಿ ಜನ ಏನನ್ನು ಹುಡುಕಬೇಕು ಎಂದರು. ಬೇಕಿದ್ದರೆ ನಿಮ್ಮ ಮೂಲ ಅಧ್ಯಾಯವನ್ನು ಕೊನೆಯಲ್ಲಿ ಅನುಬಂಧವಾಗಿ ಹಾಕೋಣ ಎಂದರು. ರದ್ದಾದ ನಕ್ಷೆಯನ್ನು ಗೋಡೆಗೆ ತೂಗುಹಾಕಿ ಸರಿಯಾದದ್ದನ್ನು ಕಪಾಟಿನಲ್ಲಿ ಇಡುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ ಎಂದೆ. ಆದರೆ ಮುಂದಿನ ಮೂರು ಪುಸ್ತಕದಲ್ಲಿ ಏನನ್ನು ಹುಡುಕಬೇಕು ಎಂದು ಕೇಳಿದರಲ್ಲ, ಅದು ನ್ಯಾಯದ ಪ್ರಶ್ನೆ.

ಮಗಳು ಈಗ ಇದೇ ದೇಶದ ಇಬ್ರಾ ಎಂಬ ಊರಿನಲ್ಲಿ ಫಾರ್ಮಸಿಸ್ಟ್. ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನನ್ನ ಕಾದಂಬರಿಗಳನ್ನು ಅವಳು ಓದಿಯೇ ಇಲ್ಲ. ಹೋದ ತಿಂಗಳು ರಜೆಗೆ ಬಂದಾಗ, ಈ ಜಗಳದ ಸುದ್ದಿ ಕೇಳಿ, ಹಾಗಾದರೆ ಓದಿ ಹೇಳು ಎಂದಳು. ಊಟದ ಮೇಜಿನ ಮೇಲೆ ಹಳೆಯ ನಕ್ಷೆಗಳನ್ನು ಹರಡಿ ಹಸ್ತಪ್ರತಿಯ ಐದನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಸಂದೇಶ ಬರುತ್ತದೆ, ಮಗಳು ಓದುತ್ತಾಳೆ, ಉತ್ತರ ಕೊಡುವುದಿಲ್ಲ. ಅಲ್ಲಿಗೆ ಬಂದಾಗ ಇವಳು ನನ್ನನ್ನು ತಡೆದಳು.

"ವೆಯ್ಟ್ ಮಮ್ಮಿ. ನಿಮಗೆ ಮೊದಲೇ ಗೊತ್ತಿತ್ತಾ?"

ಬುಧವಾರವೇ ಗೊತ್ತಿತ್ತು ಎಂದೆ.

"ಏರ್‌ಪೋರ್ಟಲ್ಲಿ ಅಜ್ಜಿಗೆ ಹೇಳಿದ್ದು ನಾನು. ನೀವು ಸರ್ಪ್ರೈಸ್ ಏನೋ ಪ್ಲಾನ್ ಮಾಡಿದ್ರಿ, ನಾನು ಬಾಯಿಬಿಟ್ಟು ಸ್ಪಾಯಿಲ್ ಮಾಡಿದೆ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಸಂಡೇ ಮತ್ತೆ ಹೋಗಬೇಕಾಯ್ತು ಅಂತ. ಆಲ್ ದೀಸ್ ಇಯರ್ಸ್."

ಓದುತ್ತಿದ್ದ ನಕ್ಷೆಯನ್ನು ಮಡಚಿ ಪಕ್ಕಕ್ಕಿಟ್ಟೆ.

ಎಂಟು ವರ್ಷದ ಮಗು. ನಾನು ಆಡದ ಮಾತನ್ನು ಅದು ಆಡಿತ್ತು, ಆಡಿದ್ದೇ ತಪ್ಪೆಂದು ಇಪ್ಪತ್ತೈದು ವರ್ಷ ಹೊತ್ತುಕೊಂಡಿತ್ತು. ಅಮ್ಮ ನನ್ನನ್ನು ಮುಚ್ಚಿಟ್ಟಳು, ಸಂಪಾದಕರು ನನ್ನನ್ನು ಮುಚ್ಚಿಟ್ಟರು, ಅವರಿಬ್ಬರ ಮರೆಯಲ್ಲಿ ನಾನು ಹಾಯಾಗಿ ಲೇಖಕಿಯಾದೆ. ಆ ಭಾರ ಎಲ್ಲಿಗೆ ಹೋಯಿತೆಂದು ಒಮ್ಮೆಯೂ ನೋಡಲಿಲ್ಲ. ಉಲ್ಕೆಯ ಮೇಲೆ ನನಗಿದ್ದ ಸಿಟ್ಟನ್ನು ಲೇಖಕಿಯ ಸ್ವಾಭಿಮಾನವೆಂದೇ ತಿಳಿದಿದ್ದೆ. ನಾಚಿಕೆಯಾಯಿತು. ಮಗಳ ಕೈ ಹಿಡಿದುಕೊಂಡು, ನೀನು ಏನೂ ಹಾಳು ಮಾಡಲಿಲ್ಲ, ನಾನು ಹೇಡಿಯಾಗಿದ್ದೆ, ಅಷ್ಟೇ ಎಂದೆ. ಅವಳು ಅತ್ತಳು. ಆಮೇಲೆ ನಾನೂ ಅತ್ತೆ.

ಮರುದಿನ ಆಫೀಸಿನಲ್ಲಿ ಮಧ್ಯಾಹ್ನ ಒಂದು ಹೊಸ ಪುಟ ಬರೆದೆ. ಈಗ ಎರಡು ಹೊತ್ತಿನ ಆಫೀಸಿಲ್ಲ, ಊಟಕ್ಕೆ ಅರ್ಧ ಗಂಟೆ. ಸಾಕಾಯಿತು. ಮುದುಕಿ ಶನಿವಾರ ಇಳಿಯುತ್ತಾಳೆ. ಹಬ್ಬ ಮುಗಿದಿದೆ ಎಂದು ಮೊಮ್ಮಗಳಿಂದ ತಿಳಿಯುತ್ತಾಳೆ. ಮಗಳಿಗೆ ಮೊದಲೇ ಗೊತ್ತಿತ್ತೆಂದು ಮಗಳ ಮುಖ ನೋಡದೆಯೇ ತಿಳಿಯುತ್ತಾಳೆ. ಗುಮ್ಮಟದವರು ಸುತ್ತ ನೆರೆದು ಯಾಕಮ್ಮ ಇಷ್ಟು ತಡ ಎಂದು ಕೇಳಿದಾಗ ಅವಳೇ ಹೇಳುತ್ತಾಳೆ, ದಾರಿಯಲ್ಲಿ ಉಲ್ಕೆ ಬಡಿಯಿತು ಎಂದು. ಬೆಂಕಿ, ಗುಡುಗು, ಎಲ್ಲ ಅವಳ ಬಾಯಲ್ಲೇ ಬರುತ್ತದೆ. ಬಾಯಿಪಾಠ ಮಾಡಿದವರಿಗೂ ನಷ್ಟವಿಲ್ಲ. ಉಳಿದ ಮೂರು ಪುಸ್ತಕಗಳಲ್ಲಿ ಜನ ಹುಡುಕಿ ಹುಡುಕಿ ಒಂದು ಗೀರೂ ಕಾಣದೆ ಹೋದದ್ದು ಆಗ ಸರಿಯಾಗಿ ಕೂರುತ್ತದೆ, ಒಂದು ಅಕ್ಷರ ತಿದ್ದುವ ಅಗತ್ಯವಿಲ್ಲ.

ಪ್ರಕಾಶಕರು ಅದನ್ನು ಓದಿ ಫೋನ್ ಮಾಡಿದರು. ಚೆನ್ನಾಗಿದೆ, ಹಾಕುತ್ತೇನೆ, ಆದರೆ ಒಂದು ಮಾತು ಎಂದರು. ಆ ಮುದುಕಿಯನ್ನು ಓದುಗರು ಇಷ್ಟು ವರ್ಷ ಪ್ರೀತಿಸಿದ್ದಾರೆ, ಈಗ ಆ ಮಗಳನ್ನು ಸುಮ್ಮನೆ ಬಿಡುವುದಿಲ್ಲ. ನೀವು ಈ ಎರಡು ಪುಟದಲ್ಲಿ ಆ ಮಗಳು ನಾನೇ ಎಂದು ಬೇರೆ ಬರೆಯುತ್ತಿದ್ದೀರಿ. ಬೈಯುತ್ತಾರೆ ಮೇಡಂ, ಪತ್ರ ಬರೆದು ಬೈಯುತ್ತಾರೆ.

"ಬೈಯಲಿ" ಎಂದೆ. "ಅಮ್ಮ ಬೈಯಲಿಲ್ಲ. ಅವರಾದರೂ ಬೈಯಲಿ."